ರೋರೋದಲ್ಲಿ ಮಲಗಿದ್ದು ಎಷ್ಟು ಹೊತ್ತು?

ಸುರತ್ಕಲ್ಲಿನಲ್ಲಿ ಲಾರಿಯನ್ನು ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡಿನಲ್ಲಿ ಇಳಿಸುವುದು ನಮಗೆ ಹೊಸದಲ್ಲ. ಕೊಂಕಣ ರೈಲ್ವೆಯ ಈ ರೋರೋ 1999ರಲ್ಲಿ ಕೋಲಾಡು-ಗೋವಾ ನಡುವೆ ಶುರುವಾಗಿ, 2004ರಲ್ಲಿ ಸುರತ್ಕಲ್ಲಿಗೂ ಬಂತು. ಡೀಸೆಲ್ ಉಳಿಯುತ್ತದೆ, ಟಯರ್ ಉಳಿಯುತ್ತದೆ, ಮಳೆಗಾಲದ ಹೊಂಡ ತಪ್ಪುತ್ತದೆ. ನಮಗೆ ಅದು ದೊಡ್ಡ ಉಪಕಾರವೇ.

ಆ ಜುಲೈಯಲ್ಲಿ ನನ್ನ ಲೋಡ್ ಮುಂಬೈ ಹತ್ತಿರದ ಭಿವಂಡಿಗೆ. ಬೆಳಿಗ್ಗೆ ಏಳರಿಂದ ಮಂಗಳೂರಿನಲ್ಲಿ ಲೋಡಿಂಗ್, ಸಂಜೆ ಸುರತ್ಕಲ್ಲಿನಲ್ಲಿ ಕ್ಯೂ. ತೂಕ, ಎತ್ತರ ನೋಡಿದರು. ವ್ಯಾಗನ್ ಮೇಲೆ ಲಾರಿ ನಿಂತಾಗ ರಾತ್ರಿ ಹತ್ತು ದಾಟಿತ್ತು.

ಇನ್ನು ಮಲಗುವುದೇ ಕೆಲಸ ಅಂದುಕೊಂಡೆ. ಆದರೆ ನಿದ್ದೆ ಬರಬೇಕಲ್ವಾ? ಹೆಚ್ಚಿನ ಕಡೆ ಸಿಂಗಲ್ ಲೈನ್. ಎದುರಿನ ರೈಲಿಗೆ ದಾರಿ ಬಿಡಲು ಗಾಡಿ ನಿಲ್ಲುತ್ತದೆ. ನಿಂತರೆ ಸೆಕೆ, ಸೊಳ್ಳೆ. ಮಳೆ ಅಂತ ಗ್ಲಾಸ್ ಏರಿಸಿದರೆ ಉಸಿರು ಕಟ್ಟುತ್ತದೆ. ಹೊರಟರೆ ಕ್ಯಾಬಿನ್ ಇಡೀ ಕುಲುಕಾಟ. ಗಾಳಿಗೆ ಟರ್ಪಾಲ್ ಪಟಪಟ ಅಂದಾಗಲೆಲ್ಲ ಎದ್ದು ಕೂತೆ. ಮೇಲೆ 25,000 ವೋಲ್ಟಿನ ತಂತಿ. ಹಗ್ಗ ಸಡಿಲವಾಗಿದ್ದರೂ ಮೇಲೆ ಹತ್ತಿ ಕಟ್ಟುವಂತಿಲ್ಲ. ರತ್ನಾಗಿರಿ ಹತ್ತಿರದ ಕರಬುಡೆ ಸುರಂಗ ಆರೂವರೆ ಕಿಲೋಮೀಟರ್. ಅದರೊಳಗೆ ಹೋಗುವಾಗ ಸದ್ದು ಎದೆಯೊಳಗೇ ಬಡಿಯುತ್ತದೆ. ಒಂದು ಹಗಲು, ಒಂದು ರಾತ್ರಿಯಲ್ಲಿ ಒಟ್ಟು ಮೂರು ಗಂಟೆ ಕಣ್ಣು ಮುಚ್ಚಿರಬೇಕು, ಅದೂ ತುಂಡು ತುಂಡಾಗಿ.

ಕೋಲಾಡಿನಲ್ಲಿ ಇಳಿಯುವಷ್ಟರಲ್ಲಿ ಮತ್ತೆ ರಾತ್ರಿ. ಧನಿಗಳ ಫೋನ್: "ಇಡೀ ದಿನ ಮಲಗಿದ್ದೀಯಲ್ಲ ಮಾರಾಯ, ಸೀದಾ ಭಿವಂಡಿಗೆ ಬಿಡು."

ಬಿಟ್ಟೆ. ನಾಗೋಠಣೆ ದಾಟಿದ್ದು ನೆನಪಿದೆ. ಪೆಣ್ ಹತ್ತಿರ ಕ್ಲೀನರ್ ಹುಡುಗ "ಅಣ್ಣಾ!" ಅಂತ ಕಿರುಚಿದ. ಎಡಗಡೆಯ ಚಕ್ರ ಆಗಲೇ ಮಣ್ಣಿಗೆ ಇಳಿದಿತ್ತು. ಹೇಗೋ ಎಳೆದು ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಅವನಿಗೆ ಹತ್ತೊಂಬತ್ತು ವರ್ಷ. ಅವನ ಅಮ್ಮ ನನ್ನನ್ನು ನಂಬಿ ಕಳಿಸಿದ್ದು. ಧಾಬಾ ಎದುರು ಲಾರಿ ಹಾಕಿ ಬೆಳಗಿನ ತನಕ ಮಲಗಿದೆವು. ಲೇಟಾಯಿತು ಅಂತ ನನ್ನ ಬಾಟಾದಲ್ಲಿ, ಅಂದರೆ ಟ್ರಿಪ್ಪಿನ ಭತ್ಯೆಯಲ್ಲಿ, ದುಡ್ಡು ಹಿಡಿದರು.

ಬಾರ್ಕೂರಿನ ನನ್ನ ಗೆಳೆಯನೊಬ್ಬ ಈಗ ಪೋಲೆಂಡಿನಲ್ಲಿ ಲಾರಿ ಓಡಿಸುತ್ತಾನೆ. ಅವನ ಲಾರಿ ಹಡಗು ಹತ್ತಿ ಸಮುದ್ರ ದಾಟುತ್ತದೆ. ನನ್ನ ಕತೆ ಕೇಳಿ ಅವನು ಅಲ್ಲಿನ ಲೆಕ್ಕ ಹೇಳಿದ. ದಿನಕ್ಕೆ 11 ಗಂಟೆ ವಿಶ್ರಾಂತಿ. ಹಡಗಿಗೋ ರೈಲಿಗೋ ಲಾರಿ ಹತ್ತಿಸಲು, ಇಳಿಸಲು ಅದನ್ನು ಎರಡೇ ಸಲ ಮುರಿಯಬಹುದು, ಎರಡೂ ಸೇರಿ ಒಂದು ಗಂಟೆ ಮೀರಬಾರದು. ಮಲಗಲು ಹಾಸಿಗೆ ಇರಲೇಬೇಕು, ಇಲ್ಲದಿದ್ದರೆ ಅದು ವಿಶ್ರಾಂತಿ ಅಂತ ಲೆಕ್ಕಕ್ಕಿಲ್ಲ. ಎಷ್ಟು ಹೊತ್ತು ಓಡಿಸಿದ, ಎಷ್ಟು ಹೊತ್ತು ನಿಂತ ಅನ್ನುವುದೆಲ್ಲ ಟ್ಯಾಕೋಗ್ರಾಫ್ ಮೆಷಿನ್ನಿನಲ್ಲಿ ದಾಖಲಾಗುತ್ತದೆ.

ನಮ್ಮಲ್ಲಿ ಕಾನೂನೇ ಇರಲಿಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ ಕೆಲಸ, ದೂರದ ದಾರಿಗಾದರೆ ಹೆಚ್ಚೆಂದರೆ 10 ಅಂತ ಬರೆದಿತ್ತು. ಇಷ್ಟು ವರ್ಷದಲ್ಲಿ ನನಗೆ ಯಾರೂ ಅದನ್ನು ಹೇಳಿರಲಿಲ್ಲ.

ಈಗ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ರೈಲಿನಲ್ಲಿ ಕಳೆದ ಹೊತ್ತು ಒಂದು ಕಡೆ, ನಿಜವಾಗಿ ಮಲಗಿದ ಹೊತ್ತು ಇನ್ನೊಂದು ಕಡೆ. ನಾಲ್ಕು ಟ್ರಿಪ್ ಬರೆದು ಧನಿಗಳ ಮುಂದೆ ಇಟ್ಟೆ. ಸುಮಾರು ಹೊತ್ತು ನೋಡಿದರು. ಕೋಲಾಡಿನಲ್ಲಿ ಇಳಿದ ಮೇಲೆ ಆರು ಗಂಟೆ ಮಲಗಲು ಬಿಡಿ ಅಂದೆ. ನಾಲ್ಕಕ್ಕೆ ಒಪ್ಪಿದರು. ಉಳಿದ ಎರಡನ್ನು ದೀಪಾವಳಿ ಆದ ಮೇಲೆ ಮತ್ತೆ ಕೇಳುತ್ತೇನೆ.