ಮೂಗಿನ ಕೆಳಗಿನ ಹಳದಿ ಹಕ್ಕಳೆ

ಶ್ರೀನಿವಾಸಪುರದ ಕಡೆ ಮೇ, ಜೂನ್ ತಿಂಗಳಲ್ಲಿ ಮಕ್ಕಳ ಬಾಯಿಯ ಸುತ್ತ ಏನೇ ಎದ್ದರೂ ಅದರ ತಪ್ಪನ್ನು ಮಾವಿನ ಸೊನೆಯ ಮೇಲೆ ಹೊರಿಸುವುದು ವಾಡಿಕೆ. ನಾಲ್ಕು ವರ್ಷದ ಮಗಳ ಮೂಗಿನ ಕೆಳಗೆ ಕೆಂಪು ಗುಳ್ಳೆ ಕಾಣಿಸಿಕೊಂಡಾಗ ನಮ್ಮ ಅತ್ತೆಯವರು ಹೇಳಿದ್ದೂ ಅದನ್ನೇ, ನಾನು ನಂಬಿದ್ದೂ ಅದನ್ನೇ. ಕೊಬ್ಬರಿ ಎಣ್ಣೆ ಸವರಿ ಸುಮ್ಮನಾದೆವು. ಸೊನೆ ತಾಗಿದಲ್ಲಿ ಚರ್ಮ ಸುಟ್ಟಂತಾಗಿ ಒಣಗುತ್ತದೆಯೇ ಹೊರತು ಸೊನೆಯೇ ಸೋಕದ ಜಾಗಕ್ಕೆ ಹಬ್ಬುವುದಿಲ್ಲ ಎಂಬುದು ಮಾವಿನ ತೋಪಿನಲ್ಲೇ ಬೆಳೆದ ನನಗೆ ಹೊಳೆಯಬೇಕಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಗುಳ್ಳೆಗಳು ಒಡೆದು, ನೀರು ಒಸರಿ, ಜೋನಿಬೆಲ್ಲ ಮೆತ್ತಿ ಒಣಗಿದಂತಹ ಹಳದಿ ಹಕ್ಕಳೆ ಕಟ್ಟಿತ್ತು. ಕೆರೆದುಕೊಂಡ ಉಗುರಿನಿಂದಲೇ ಅದು ಗಲ್ಲಕ್ಕೂ ಮೊಣಕೈಗೂ ಹರಡಿತ್ತು.

ಕೋಲಾರದ ಮಕ್ಕಳ ವೈದ್ಯರು ಆ ಹಕ್ಕಳೆಯನ್ನು ನೋಡಿಯೇ ಇಂಪೆಟಿಗೊ ಎಂದರು. 2 ರಿಂದ 5 ವರ್ಷದವರಲ್ಲಿ ಹೆಚ್ಚಾಗಿ ಕಾಣುವ ಈ ಸೋಂಕಿಗೆ ಸ್ಟ್ಯಾಫಿಲೋಕಾಕಸ್ ಅಥವಾ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಕಾರಣ. ಸೊಳ್ಳೆ ಕಚ್ಚಿದ, ಬೆವರುಸಾಲೆ ಕೆರೆದ ಅಥವಾ ನೆಗಡಿಯಿಂದ ಮೂಗು ಒರೆಸಿ ಒರೆಸಿ ಸವೆದ ಚರ್ಮದ ಮೂಲಕ ಅದು ಒಳಸೇರುತ್ತದೆ. ಹಣ್ಣು ತಿಂದ ಉಷ್ಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಕ್ಕಳೆಯನ್ನು ಉಗುರುಬೆಚ್ಚಗಿನ ನೀರು ಮತ್ತು ಸೋಪಿನಿಂದ ನೆನೆಸಿ ಮೆಲ್ಲಗೆ ತೆಗೆದ ಮೇಲೆ ಮುಪಿರೋಸಿನ್ ಮುಲಾಮನ್ನು ದಿನಕ್ಕೆ ಮೂರು ಬಾರಿಯಂತೆ 5 ದಿನ ಹಚ್ಚಬೇಕೆಂದು ವೈದ್ಯರು ಬರೆದುಕೊಟ್ಟರು. ಹಕ್ಕಳೆಯ ಮೇಲೆಯೇ ಹಚ್ಚಿದರೆ ಔಷಧ ಒಳಗಿಳಿಯುವುದಿಲ್ಲ. ಮೈಯೆಲ್ಲ ಹರಡಿದ್ದರೆ ಬಾಯಿಯ ಮೂಲಕ ಆ್ಯಂಟಿಬಯೋಟಿಕ್ ಬೇಕಾಗುತ್ತಿತ್ತಂತೆ. ಉಗುರು ಕತ್ತರಿಸಿದೆವು, ಅವಳ ಟವೆಲನ್ನು ಬೇರೆ ಇಟ್ಟೆವು. ಚಿಕಿತ್ಸೆ ಶುರುವಾಗಿ 24 ಗಂಟೆ ಕಳೆಯುವವರೆಗೆ ಅಂಗನವಾಡಿಗೆ ಕಳುಹಿಸಲಿಲ್ಲ. ಮನೆಯಲ್ಲಿ ಯಾರೋ ಬಳಸಿ ಉಳಿಸಿದ ತುರಿಕೆಯ ಟ್ಯೂಬನ್ನು ಹಚ್ಚುವ ಯೋಚನೆಯೂ ನನಗೆ ಬಂದಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅಂತಹ ಟ್ಯೂಬುಗಳಲ್ಲಿ ಅನೇಕವುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅದು ಕೆಂಪನ್ನು ಎರಡು ದಿನ ಅಡಗಿಸಿ, ಸೋಂಕನ್ನು ಒಳಗೊಳಗೇ ಬೆಳೆಯಲು ಬಿಡುತ್ತದೆ.

ಜ್ವರ ಬಂದರೆ, ಚರ್ಮ ಬಿಸಿಯಾಗಿ ಬಾತು ಕೆಂಪು ಗಂಟೆಗಂಟೆಗೂ ಅಗಲವಾದರೆ, ಕಣ್ಣಿನ ಸುತ್ತ ಊದಿಕೊಂಡರೆ ಅಥವಾ ಎಳೆಯ ಕೂಸಿನ ಮೈಯಲ್ಲಿ ಚರ್ಮ ಪದರ ಪದರವಾಗಿ ಸುಲಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಬರಬೇಕೆಂದು ವೈದ್ಯರು ಎಚ್ಚರಿಸಿದರು. ಸ್ಟ್ರೆಪ್ಟೋಕಾಕಸ್ ಸೋಂಕಾಗಿದ್ದರೆ ಗಾಯ ಮಾಯ್ದ ಮೇಲೂ, 3 ರಿಂದ 6 ವಾರಗಳ ಅವಧಿಯಲ್ಲಿ, ಅಪರೂಪಕ್ಕೆ ಮೂತ್ರಪಿಂಡ ಬಾತುಕೊಳ್ಳಬಹುದು, ಔಷಧ ಹಚ್ಚಿದ ಮಾತ್ರಕ್ಕೆ ಅದು ತಪ್ಪುತ್ತದೆಂಬ ಖಾತರಿಯಿಲ್ಲ ಎಂದೂ ಹೇಳಿದರು. ಹಕ್ಕಳೆ ಒಂದು ವಾರದಲ್ಲಿ ಕಲೆಯಿಲ್ಲದೆ ಉದುರಿತು. ನಾನು ಮಾತ್ರ ಆರು ವಾರ ಮುಗಿಯುವವರೆಗೆ ಪ್ರತಿ ಬೆಳಗ್ಗೆ ಅವಳ ಮುಖ ಊದಿದೆಯೇ, ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆಯೇ ಎಂದು ನೋಡುತ್ತಲೇ ಇದ್ದೆ.