ಮೇಡಂ ಏನೋ ಒತ್ತಿರ್ಬೇಕು ಸಾರ್

"ಇಲ್ಲಿ ಚೆನ್ನಾಗೇ ಓಡ್ತಾ ಇದೆ. ಮನೇಲಿ ಮೇಡಂ ಏನೋ ಒತ್ತಿರ್ಬೇಕು ಸಾರ್."

ಅಂಗಡಿಯವನು ಹೀಗಂದಿದ್ದು ನನಗಲ್ಲ, ನಮ್ಮ ಮನೆಯವರಿಗೆ. ನಾನು ಪಕ್ಕದಲ್ಲೇ ನಿಂತಿದ್ದೆ. ಕಂಪ್ಯೂಟರ್ ನನ್ನದು. ಅದರಲ್ಲಿ ಕೆಲಸ ಮಾಡುವವಳು ನಾನು. ಸಿಪಿಯು ತೊಡೆ ಮೇಲೆ ಇಟ್ಟುಕೊಂಡು ಆಟೋದಲ್ಲಿ ತಂದವಳೂ ನಾನೇ. ವಾಪಸ್ ಒಯ್ಯುವಾಗ ಒಂದು ಕೈ ಇರಲಿ ಅಂತ ಇವರನ್ನು ಕರೆದಿದ್ದೆ, ಅಷ್ಟೇ. ಇವರಿಗೆ ಕಂಪ್ಯೂಟರಿನಲ್ಲಿ ಗೊತ್ತಿರುವುದು ಕರೆಂಟ್ ಬಿಲ್ ಕಟ್ಟುವುದು, ಅದನ್ನೂ ಈಗ ಫೋನಿನಲ್ಲೇ ಮಾಡುತ್ತಾರೆ.

ಅವನು ಹಾಗಂದಾಗ ಇವರು "ಹೌದಾ?" ಅಂತ ನನ್ನ ಕಡೆ ತಿರುಗಿ ನೋಡಿದರು. ಆ ನೋಟಕ್ಕೆ ನಾನು ಮನೆಗೆ ಬಂದಮೇಲೆ ಏನು ಹೇಳಿದೆ ಅನ್ನುವುದು ಇಲ್ಲಿ ಬೇಡ.

ನಾನು ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡಿಕೊಡುತ್ತೇನೆ. ಲಗ್ನಪತ್ರಿಕೆ, ಅರ್ಜಿ, ಸ್ಮರಣ ಸಂಚಿಕೆ, ಜಾಸ್ತಿ ಬರುವುದು ವಿಶ್ವವಿದ್ಯಾಲಯದ ಪ್ರಬಂಧಗಳು. ಈಗ ಕೈಯಲ್ಲಿರುವುದೂ ಒಂದು ಪಿಎಚ್‌ಡಿ ಪ್ರಬಂಧವೇ. ಮೂರನೇ ಅಧ್ಯಾಯದ ಅಡಿಟಿಪ್ಪಣಿ ಹಾಕುತ್ತಾ ಕೂತಿದ್ದಾಗ ಪರದೆ ಪಟಕ್ಕನೆ ಕಪ್ಪಾಯಿತು. ಫ್ಯಾನ್ ತಿರುಗುತ್ತಲೇ ಇತ್ತು, ಕರೆಂಟು ಹೋಗಿರಲಿಲ್ಲ. ಎರಡು ಗುಟುಕು ಚಹಾ ಕುಡಿಯುವಷ್ಟರಲ್ಲಿ ತಾನೇ ಆನ್ ಆಗಿ, ಏನೂ ಆಗದವರ ಹಾಗೆ ಪಾಸ್‌ವರ್ಡ್ ಕೇಳಿತು. ಆಮೇಲೆ ಇದೇ ಚಾಳಿ. ಒಂದು ದಿನ ಬೆಳಗಿನಿಂದ ರಾತ್ರಿವರೆಗೆ ಸುಮ್ನೆ ಇರುತ್ತಿತ್ತು. ಇನ್ನೊಂದು ದಿನ ಒಂದು ಪುಟ ಮುಗಿಸಲು ಬಿಡುತ್ತಿರಲಿಲ್ಲ. ವರ್ಡ್ ತಾನಾಗಿ ಉಳಿಸಿಕೊಳ್ಳುವುದು ಹತ್ತು ನಿಮಿಷಕ್ಕೊಮ್ಮೆ. ಅದನ್ನು ಒಂದು ನಿಮಿಷಕ್ಕೆ ಇಳಿಸಿದೆ. ಕಂಟ್ರೋಲ್ ಎಸ್ ಒತ್ತೀ ಒತ್ತೀ ಬೆರಳಿಗೇ ಅಭ್ಯಾಸವಾಯಿತು.

ಅಂಗಡಿಯವನು ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಕುರ್ಚಿ ಹಾಕಿದ, ಚಹಾ ತರಿಸಿದ. ಒಂದು ದಿನ ಇಟ್ಟುಕೊಂಡು ನೋಡಿದ, ಅಲ್ಲಿ ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲವಂತೆ. ವೈರಸ್ ಇರಬಹುದು ಅಂತ ಫಾರ್ಮ್ಯಾಟ್ ಮಾಡಿಕೊಟ್ಟ. ದುಡ್ಡು ತಗೊಂಡ. ಕನ್ನಡ ಟೈಪ್ ಮಾಡುವ ನನ್ನ ನುಡಿ ತಂತ್ರಾಂಶ, ನನ್ನ ಫಾಂಟ್‌ಗಳು, ಪ್ರಿಂಟರ್ ಸೆಟ್ಟಿಂಗು ಎಲ್ಲ ಅಳಿಸಿಹೋದವು. ಅವನ್ನು ಮತ್ತೆ ಕೂರಿಸಿದ ರಾತ್ರಿಯೇ ಕಂಪ್ಯೂಟರ್ ಮತ್ತೆ ಪಟಕ್ಕೆಂದಿತು.

ಅವತ್ತಿನಿಂದ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಸಾರಿಗೆ ಒಗ್ಗರಣೆ ಹಾಕುವಾಗ, ಬಟ್ಟೆ ಒಣಹಾಕುವಾಗ. ಮೇಡಂ ಏನೋ ಒತ್ತಿರ್ಬೇಕು. ಏನು ಒತ್ತಿರ್ಬೇಕಪ್ಪಾ? ಕೀಬೋರ್ಡ್ ಇರುವುದೇ ಒತ್ತುವುದಕ್ಕೆ ಅಲ್ವಾ? ಅ ಒತ್ತಿದರೆ ಆಫ್ ಆಗುವ ಕಂಪ್ಯೂಟರ್ ಎಲ್ಲಾದರೂ ಉಂಟಾ?

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನದು ಸ್ವಲ್ಪ ಅವಸರದ ಸ್ವಭಾವ, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. "ಚಿಕ್ಕಮ್ಮ, ಮೊದಲು ಒಂದು ಟಿಕ್ ತೆಗೀರಿ" ಅಂದ. ನನ್ನಲ್ಲಿರುವ ವಿಂಡೋಸ್‌ಗೆ ದೊಡ್ಡ ತೊಂದರೆ ಬಂದಾಗ ನೀಲಿ ಪರದೆ ತೋರಿಸಿ ತಾನೇ ರೀಸ್ಟಾರ್ಟ್ ಆಗುವ ಹಾಗೆ ಮೊದಲೇ ಇಟ್ಟಿರುತ್ತಾರೆ. ಆ ಟಿಕ್ ತೆಗೆದರೆ ನೀಲಿ ಪರದೆ ಅಲ್ಲೇ ನಿಲ್ಲುತ್ತದೆ, ಏನು ಬರೆದಿದೆ ಅಂತ ಓದಬಹುದು. ತೆಗೆದೆ. ನೀಲಿ ಪರದೆ ಬರಲೇ ಇಲ್ಲ. ಮೊದಲಿನ ಹಾಗೇ ನೇರ ಕತ್ತಲೆ. "ಹಂಗಾದ್ರೆ ವಿಂಡೋಸ್‌ಗೆ ಸಾಯೋಕೆ ಮುಂಚೆ ಮಾತಾಡೋಕೂ ಟೈಮ್ ಸಿಕ್ತಿಲ್ಲ ಚಿಕ್ಕಮ್ಮ" ಅಂದ.

ಆಮೇಲೆ ಈವೆಂಟ್ ವ್ಯೂವರ್ ತೆಗೆಸಿದ. ಕಂಪ್ಯೂಟರ್ ತನ್ನ ದಿನಚರಿಯನ್ನು ತಾನೇ ಬರೆದಿಟ್ಟುಕೊಳ್ಳುವ ಜಾಗ ಅದು. ಹಳೆಯ ದಾಖಲೆ ಫಾರ್ಮ್ಯಾಟಿನಲ್ಲಿ ಹೋಗಿತ್ತು. ಹೊಸದರಲ್ಲಿ ಪ್ರತಿ ಸಲದ್ದೂ ಒಂದೇ ಕೆಂಪು ಗುರುತು. ಕರ್ನಲ್ ಪವರ್, ನಂಬರ್ 41. ಒಳಗೆ ಬಗ್‌ಚೆಕ್ ಕೋಡ್, ಅಂದರೆ ನೀಲಿ ಪರದೆಯ ತಪ್ಪಿನ ನಂಬರ್, ಸೊನ್ನೆ. ಅಲ್ಲಿ ಬರೆದಿದ್ದರ ಅರ್ಥ ಇಷ್ಟೇ: ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ. ಹ್ಯಾಂಗ್ ಆಗಿರಬಹುದು, ಕ್ರ್ಯಾಶ್ ಆಗಿರಬಹುದು, ಕರೆಂಟು ತಪ್ಪಿರಬಹುದು.

ನನಗೆ ಅದನ್ನು ಓದಿ ಖುಷಿಯಾಯಿತು. ಕಾರಣ ಸಿಗಲಿಲ್ಲ, ಆದರೂ ಖುಷಿಯಾಯಿತು. ಕತ್ತು ಹಿಚುಕಿಸಿಕೊಂಡ ಕಂಪ್ಯೂಟರೇ ಯಾರು ಹಿಚುಕಿದರೋ ಗೊತ್ತಿಲ್ಲ ಅನ್ನುತ್ತಿದೆ. ಎಲ್ಲೂ ಮೇಡಂ ಹೆಸರಿಲ್ಲ.

ಗೊತ್ತಿಲ್ಲ ಅನ್ನಲು ನಮ್ಮವರಿಗೆ ಏನು ಕಷ್ಟವೋ. ಗ್ಯಾಸ್ ಒಲೆ ಉರಿಯದಿದ್ದರೆ "ಏನ್ ಮಾಡಿದ್ರಿ?" ಸ್ಕೂಟಿ ಶುರುವಾಗದಿದ್ದರೆ ಗ್ಯಾರೇಜಿನವನು "ಚೋಕ್ ಎಳೆದ್ರಾ, ಬಿಟ್ರಾ?" ಮಿಕ್ಸಿ ಸುಟ್ಟರೆ "ಜಾಸ್ತಿ ಹಾಕಿರ್ತೀರಿ." ಪ್ರಶ್ನೆಯಲ್ಲೇ ತೀರ್ಪು ಬಂದುಬಿಟ್ಟಿರುತ್ತದೆ. ಇದೇ ಸ್ಕೂಟಿಯನ್ನು ಇವರು ತಗೊಂಡು ಹೋದರೆ ಅದೇ ಮೆಕ್ಯಾನಿಕ್ "ಪ್ಲಗ್ ಹೋಗಿರ್ಬೇಕು ಸಾರ್" ಅನ್ನುತ್ತಾನೆ. ಗಂಡಸರು ತಂದರೆ ಪ್ಲಗ್ ಹೋಗಿರುತ್ತದೆ, ನಾವು ತಂದರೆ ಬುದ್ಧಿ ಹೋಗಿರುತ್ತದೆ.

ಈ ಮಾತನ್ನು ಅತ್ತೆಗೆ ಹೇಳಿದೆ. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದರು. ನಮ್ಮ ಮಾವ ಇಲ್ಲೇ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಇದ್ದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಈಗ ಆ ಮಿಲ್ಲುಗಳೂ ಇಲ್ಲ, ಮಾವನೂ ಇಲ್ಲ. "ನಿಮ್ ಮಾವ ಹೇಳ್ತಿದ್ರವ್ವ. ನೂಲು ಕಡೀತು ಅಂದ್ರ ಮೊದ್ಲು ಕೈ ನೋಡ್ತಿದ್ರಂತ, ಆಮ್ಯಾಲೆ ಮಿಷನ್ ನೋಡ್ತಿದ್ರಂತ. ಮಿಷನ್ ಮಾಲಕ್ರದು, ಕೈ ಇವ್ರದು" ಅಂದರು. ಅಷ್ಟು ಹೇಳಿ ಮತ್ತೆ ಬೆಳ್ಳುಳ್ಳಿಗೆ ತಿರುಗಿದರು. ನಾನು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಅಕ್ಕನ ಮಗ ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡುತ್ತಾ ಹೋದೆ. ಸಿಪಿಯು ಪಕ್ಕದ ತಗಡು ಬಿಚ್ಚಿ ಬಣ್ಣದ ಬ್ರಷ್‌ನಲ್ಲಿ ಧೂಳು ತೆಗೆದೆ. ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಬೇಕಂತೆ. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಮೆಮೊರಿ ಪರೀಕ್ಷೆ ಹಾಕಿ ಮಲಗಿದೆ, ತಪ್ಪೇನೂ ಬರಲಿಲ್ಲ. ನಮ್ಮೂರ ಬಿಸಿಲಿಗೆ ಬಿಸಿ ಏರಿ ಹೀಗಾಗುತ್ತಿದೆಯಾ ಅಂತಲೂ ನೋಡಿದೆ. ಪ್ರೊಸೆಸರ್ ಸಾಮಾನ್ಯವಾಗಿ 100 ಡಿಗ್ರಿ ಹತ್ತಿರ ಹೋದರೆ ಮೊದಲು ನಿಧಾನವಾಗುತ್ತದೆ, ಇನ್ನೂ ಏರಿದರೆ ತನ್ನ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತದೆ. ನನ್ನದು ಅದರ ಹತ್ತಿರವೂ ಹೋಗಿರಲಿಲ್ಲ. ಉಳಿದಿದ್ದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿಕೊಡುವ ಒಳಗಿನ ಡಬ್ಬ, ಇಲ್ಲವೇ ಗೋಡೆಯಿಂದ ಬರುವ ಕರೆಂಟು.

ಆಗ ನನಗೆ ಅಂಗಡಿಯವನ ಮಾತಿನ ಮೊದಲ ಅರ್ಧ ನೆನಪಾಯಿತು. ಇಷ್ಟು ದಿನ ಎರಡನೇ ಅರ್ಧಕ್ಕೇ ಉರಿದುಕೊಂಡಿದ್ದೆ. "ಇಲ್ಲಿ ಚೆನ್ನಾಗೇ ಓಡ್ತಾ ಇದೆ." ಅದೇ ಡಬ್ಬ, ಅದೇ ವಿಂಡೋಸ್. ಅಂಗಡಿಯಲ್ಲಿ ಇಲ್ಲದೆ ಮನೆಯಲ್ಲಿ ಮಾತ್ರ ಇರುವುದು ಏನು? ಒಂದು ನಾನು. ಇನ್ನೊಂದು ನಮ್ಮ ಮನೆಯ ಕರೆಂಟು. ಅವನ ಕೈಯಲ್ಲಿ ಸರಿಯಾದ ಸುಳಿವೇ ಇತ್ತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ನನ್ನನ್ನು ಆರಿಸಿಕೊಂಡ, ಅಷ್ಟೇ.

ಯಾವಾಗ ಆಫ್ ಆಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದೆ. 41ರ ದಾಖಲೆಯಲ್ಲಿ ಹೊತ್ತು ಇರುತ್ತದಲ್ಲ, ಅದನ್ನೂ ಸೇರಿಸಿದೆ. ಆ ಪಟ್ಟಿ ನೋಡಿ ನಾನೂ ಅಕ್ಕನ ಮಗನೂ ತಲೆ ಕೆರೆದುಕೊಂಡೆವು. ಬಗೆಹರಿಸಿದವರು ಅತ್ತೆ. ಅವರು ಕಂಪ್ಯೂಟರ್ ಕಡೆ ನೋಡಿದವರೇ ಅಲ್ಲ, ನಲ್ಲಿ ಕಡೆ ನೋಡಿದವರು.

"ನೀರು ಬಿಟ್ ದಿನ ನಿನ್ ಪೆಟ್ಟಿಗಿ ಜಾಸ್ತಿ ಕುಣೀತತಿ ನೋಡವ್ವ. ದೇವರ ಮನಿ ಲೈಟೂ ಮಿಣುಕ್ ಅಂತತಿ."

ನೋಟ್‌ಬುಕ್ ತೆಗೆದು ನೋಡಿದರೆ ಹೌದು! ಕಾರ್ಪೊರೇಷನ್ ನೀರು ಬಿಟ್ಟ ದಿನ, ನೀರು ಬಿಟ್ಟ ಹೊತ್ತಿಗೇ ಜಾಸ್ತಿ. ನೀರು ಬಂತು ಅಂದರೆ ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮೋಟಾರೂ ಒಟ್ಟಿಗೇ ಏಳುತ್ತವೆ. ಮೋಟಾರು ಶುರುವಾಗುವ ಕ್ಷಣದಲ್ಲಿ, ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದಂತೆ. ಆಗ ಬೀದಿಯ ವೋಲ್ಟೇಜು ಒಂದು ಚಣ ಕುಸಿಯುತ್ತದೆ. ಫ್ಯಾನ್ ತಿರುಗುವ ರಭಸದಲ್ಲೇ ಅದನ್ನು ದಾಟಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್ ದಾಟುವುದಿಲ್ಲ. ನಮ್ಮ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡು. ಪೂರ್ತಿ ಹೊರೆ ಇರುವಾಗ ಕರೆಂಟು ತಪ್ಪಿದರೆ ಹೊಸ ಎಸ್‌ಎಂಪಿಎಸ್ ಕೂಡ ಸಾಮಾನ್ಯವಾಗಿ 16-17 ಮಿಲಿಸೆಕೆಂಡು ಉಸಿರು ಹಿಡಿದರೆ ಹೆಚ್ಚು, ಒಂದು ಸುತ್ತಿನಷ್ಟೂ ಅಲ್ಲ. ನನ್ನದು ಹಳೆಯದು, ಆ ಉಸಿರು ಹಿಡಿದಿಡುವ ಕೆಪಾಸಿಟರ್‌ಗಳಿಗೆ ವಯಸ್ಸಾಗಿದೆ.

ಆದರೆ ನೀರು ಮೊದಲೂ ಬರುತ್ತಿತ್ತು, ಮೋಟಾರುಗಳೂ ಇದ್ದವು. ಮೊದಲು ಯಾಕೆ ಆಗಲಿಲ್ಲ? ಅದೂ ಅಲ್ಲದೆ ಕಂಪ್ಯೂಟರ್ ಇರುವುದು ಇನ್ವರ್ಟರ್ ಲೈನಿನಲ್ಲಿ. ಅಕ್ಕನ ಮಗ ವಿಡಿಯೋ ಕಾಲ್ ಮಾಡಿ ಇನ್ವರ್ಟರ್ ತೋರಿಸಲು ಹೇಳಿದ. ಟಾರ್ಚ್ ಹಿಡಿದು ಹಿಂದಿನ ಭಾಗ ತೋರಿಸಿದೆ. ಅಲ್ಲಿ ಒಂದು ಸಣ್ಣ ಸ್ವಿಚ್. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಅದು ನಾರ್ಮಲ್ ಕಡೆಗಿತ್ತು. ಯುಪಿಎಸ್ ಕಡೆಗಿದ್ದರೆ ವೋಲ್ಟೇಜು ಸುಮಾರು 180ಕ್ಕಿಂತ ಇಳಿದ ಕೂಡಲೇ ಬ್ಯಾಟರಿಗೆ ಹಾರುತ್ತದೆ, ಅದೂ ಕಂಪ್ಯೂಟರಿಗೆ ತಿಳಿಯದಷ್ಟು ಬೇಗ. ನಾರ್ಮಲ್‌ನಲ್ಲಿ 100ರ ಹತ್ತಿರ ಬರುವವರೆಗೂ ಬಿಟ್ಟುಕೊಂಡಿರುತ್ತದೆ, ಹಾರುವುದೂ ನಿಧಾನ. ಫ್ಯಾನು, ಲೈಟಿಗೆ ಸಾಕು. ಕಂಪ್ಯೂಟರಿಗೆ ಸಾಲದು.

ಬೇಸಿಗೆ ಶುರುವಿನಲ್ಲಿ ಬ್ಯಾಟರಿಗೆ ನೀರು ಹಾಕಲು ಒಬ್ಬ ಹುಡುಗ ಬಂದಿದ್ದ. "ವೋಲ್ಟೇಜ್ ಕಮ್ಮಿ ಇದೆ, ಪದೇ ಪದೇ ಬ್ಯಾಟರಿಗೆ ಹೋಗ್ತಿದೆ, ಸರಿ ಮಾಡಿದೀನಿ ಸಾರ್" ಅಂತ ಇವರಿಗೆ ಹೇಳಿದ್ದನಂತೆ. ಇವರು "ಆಯ್ತಪ್ಪ" ಅಂದಿದ್ದರಂತೆ. ಹುಡುಗ ಒಳ್ಳೆಯದಕ್ಕೇ ಮಾಡಿದ್ದ, ಬ್ಯಾಟರಿ ಬಾಳಿಕೆ ಬರಲಿ ಅಂತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇವರ ಮೇಲೂ ಇಲ್ಲ, ಅಷ್ಟೇನೂ ಇಲ್ಲ.

ಏನೋ ಒತ್ತಿದ್ದು ನಿಜವೇ ಆಯಿತು ನೋಡಿ. ಒತ್ತಿದ್ದು ಮೇಡಂ ಅಲ್ಲ. ಒತ್ತಿದವನು ಹೇಳಿದ್ದೂ ಮೇಡಂಗೆ ಅಲ್ಲ. ಈ ಎರಡನೆಯದು ನನ್ನನ್ನು ಹೆಚ್ಚು ಕೆಣಕುತ್ತದೆ. ಮನೆಯಲ್ಲಿ ಕಂಪ್ಯೂಟರಿಗೆ ಕೂರುವವಳು ನಾನು, ಹುಡುಗನಿಗೆ ಬಾಗಿಲು ತೆಗೆದವಳೂ ನಾನೇ. ಸ್ವಿಚ್ಚಿನ ಸುದ್ದಿ ಮಾತ್ರ ಇವರಿಗೆ ಹೋಯಿತು, ಇವರಲ್ಲೇ ಉಳಿಯಿತು. ನನಗೆ ಒಂದು ಮಾತು ಹೇಳಿದ್ದರೆ ಕಂಪ್ಯೂಟರ್ ಇದೆಯಲ್ಲಪ್ಪ ಅನ್ನುತ್ತಿದ್ದೆ. ಫಾರ್ಮ್ಯಾಟೂ ಬೇಡ, ಆಟೋವೂ ಬೇಡ.

ಸ್ವಿಚ್ ತಿರುಗಿಸಿದೆ. ಮೊನ್ನೆ ನೀರು ಬಿಟ್ಟರು. ದೇವರ ಮನೆ ಲೈಟು ಮಿಣುಕ್ ಅಂದಿತು, ಇನ್ವರ್ಟರ್ ಟಕ್ ಅಂದಿತು, ಕಂಪ್ಯೂಟರ್ ಮಿಸುಕಲಿಲ್ಲ. ಅತ್ತೆ ಒಳಗಿನಿಂದ "ಹೋತೇನು?" ಅಂದರು. "ಇಲ್ಲ ಅತ್ತೆ" ಅಂದೆ. "ಹಂಗಾರ ಒಂದ್ ಕೊಡ ಹಿಡಿ ಬಾ" ಅಂದರು.

ಇವರು ಆ ಭಾನುವಾರ ಎಲ್ಲರನ್ನೂ ಬೆಣ್ಣೆದೋಸೆಗೆ ಕರೆದುಕೊಂಡು ಹೋದರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅತ್ತೆ ಮಾತ್ರ ಇನ್ನೊಂದು ಹಾಕಿಸಿಕೊಂಡರು.

ಎಸ್‌ಎಂಪಿಎಸ್ ಒಂದು ಉಳಿದಿದೆ. ಹಳೆಯದನ್ನು ನಂಬಬೇಡಿ, ಮಳೆಗಾಲದ ಗುಡುಗು ಮಿಂಚಿಗೆ ಮುಂಚೆ ಬದಲಾಯಿಸಿ ಅಂತ ಅಕ್ಕನ ಮಗ ಹೇಳುತ್ತಿದ್ದಾನೆ. ಬದಲಾಯಿಸಬೇಕು. ಪ್ರಬಂಧದವರು ಎರಡನೇ ಕಂತು ಕೊಡಲಿ ಅಂತ ಕಾಯುತ್ತಿದ್ದೇನೆ. ಅವರು, ಗೈಡ್ ನಾಲ್ಕನೇ ಅಧ್ಯಾಯ ಇನ್ನೂ ನೋಡಿಲ್ಲ ಅನ್ನುತ್ತಾರೆ.