ಸೈಕಲ್‌ಗೆ ಸಾಮಾನು ಹೇರುವ ಸರಿಯಾದ ಬಗೆ

ಸರಿಯಾಗಿ ಕೂರಿಸಿದ 15 ಕೆಜಿ ಸಾಮಾನು ಸೈಕಲ್‌ಗೆ ದೊಡ್ಡ ಹೊರೆಯೇನಲ್ಲ. ಅಲುಗಾಡುವ 5 ಕೆಜಿ ಚೀಲ ಮಾತ್ರ ಸವಾರನನ್ನು ಬೀಳಿಸಬಲ್ಲದು. ಹಾಗಾಗಿ ಎಷ್ಟು ಹೇರಬಹುದು ಅನ್ನುವುದಕ್ಕಿಂತ ಮೊದಲು ಎಲ್ಲಿ ಕೂರಿಸಬೇಕು, ಹೇಗೆ ಬಿಗಿಯಬೇಕು ಅನ್ನುವುದನ್ನು ನೋಡಬೇಕು.

ಬೆನ್ನಿಗೆ ಚೀಲ ಹಾಕಿಕೊಳ್ಳುವುದು 3–4 ಕೆಜಿವರೆಗೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಭಾರವೆಲ್ಲ ಮೇಲೆ ನಿಂತು ತಿರುವಿನಲ್ಲಿ ಎಳೆಯುತ್ತದೆ, ಬೆನ್ನು ಬೆವರಿನಲ್ಲಿ ತೊಯ್ದುಹೋಗುತ್ತದೆ. ಹ್ಯಾಂಡಲ್‌ಗೆ ಕೈಚೀಲ ನೇತುಹಾಕುವುದಂತೂ ಬೇಡವೇ ಬೇಡ. ತೂಗಾಡುವ ಚೀಲ ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ಚಕ್ರ ಅಲ್ಲೇ ನಿಲ್ಲುತ್ತದೆ, ಸವಾರ ಹ್ಯಾಂಡಲ್ ದಾಟಿ ಮುಂದಕ್ಕೆ ಬೀಳುತ್ತಾನೆ. ಹ್ಯಾಂಡಲ್‌ಗೆ ಜೋಡಿಸಿದ ಬುಟ್ಟಿ ಕೈಗೆಟಕುತ್ತದೆ ನಿಜ, ಆದರೆ ಹ್ಯಾಂಡಲ್ ತಿರುಗಿದಾಗಲೆಲ್ಲ ಒಳಗಿನ ಭಾರವೂ ತಿರುಗುತ್ತದೆ. ಅದರಲ್ಲಿ 3–4 ಕೆಜಿ ಸಾಕು.

ದಿನನಿತ್ಯದ ಕೆಲಸಕ್ಕೆ ಹಿಂದಿನ ಕ್ಯಾರಿಯರ್, ಅದರ ಪಕ್ಕಕ್ಕೆ ತೂಗುವ ಪ್ಯಾನಿಯರ್ ಚೀಲಗಳು: ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಭಾರ ಕೆಳಗೆ, ಅಚ್ಚಿನ ಹತ್ತಿರ ಇರುತ್ತದೆ. ಕ್ಯಾರಿಯರ್ ಎಷ್ಟು ತಡೆಯುತ್ತದೆ ಅನ್ನುವುದು ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ. ಹಲವು ಅಲ್ಯುಮಿನಿಯಂ ಕ್ಯಾರಿಯರ್‌ಗಳಿಗೆ ಅದು 25 ಕೆಜಿ. ಸ್ಟೀಲಿನದು ತುಸು ಭಾರ, ಆದರೆ ಮುರಿದರೆ ವೆಲ್ಡಿಂಗ್ ಸುಲಭ.

ಜೋಡಿಸುವಾಗ ಗಮನವೆಲ್ಲ ಕೆಳಗಿನ ಎರಡು ಬೋಲ್ಟ್‌ಗಳ ಮೇಲಿರಲಿ. ಭಾರ ಹೊರುವುದು ಅವೇ. ಮೇಲಿನ ಸಲಾಕೆಗಳು ಕ್ಯಾರಿಯರ್ ಹಿಂದೆ ಮುಂದೆ ವಾಲದಂತೆ ಹಿಡಿಯುತ್ತವೆ, ಅಷ್ಟೇ. ಈ ಬೋಲ್ಟ್‌ಗಳು ಸಾಮಾನ್ಯವಾಗಿ ಎಂ5, ಅಂದರೆ 5 ಮಿಮೀ ದಪ್ಪದವು. ವಾಷರ್ ಹಾಕಿ, ಎಳೆಗಳಿಗೆ ಒಂದು ಹನಿ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಬಿಗಿಯಿರಿ. ಸರಪಳಿ ಇರುವ ಬದಿಯ ಬೋಲ್ಟ್‌ನ ತುದಿ ಒಳಗೆ ಎಷ್ಟು ಚಾಚಿದೆ ನೋಡಿ. 3 ಮಿಮೀ ಹೆಚ್ಚಾದರೂ, ಅತಿ ಚಿಕ್ಕ ಹಲ್ಲುಗಾಲಿಗೆ ಸರಪಳಿ ಇಳಿದಾಗ ಬೋಲ್ಟ್‌ಗೆ ತಾಗಿ ಕಟಕಟ ಅನ್ನುತ್ತದೆ, ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸುತ್ತಾ ಎಲ್ಲ ಗೇರ್ ಬದಲಿಸಿ ನೋಡಿ. ತಾಗಿದರೆ ಚಿಕ್ಕ ಬೋಲ್ಟ್ ಹಾಕಿ, ಇಲ್ಲವೇ ಹೊರಗೆ ಇನ್ನೊಂದು ವಾಷರ್ ಕೊಡಿ. ಡಿಸ್ಕ್ ಬ್ರೇಕ್ ಅಡ್ಡ ಬರುತ್ತದೆಂದು ಕ್ಯಾರಿಯರ್ ಮತ್ತು ಫ್ರೇಮ್ ನಡುವೆ ಉದ್ದನೆಯ ಸ್ಪೇಸರ್ (ಅಂತರ ಕೊಡುವ ಕೊಳವೆ ತುಂಡು) ಹಾಕಿದರೆ ಬೋಲ್ಟ್ ಬಾಗಿ ಬಾಗಿ ಕೊನೆಗೆ ತುಂಡಾಗುತ್ತದೆ. ಡಿಸ್ಕ್‌ಗೆಂದೇ ಮಾಡಿದ ಕ್ಯಾರಿಯರ್ ತೆಗೆದುಕೊಳ್ಳುವುದು ಮೇಲು.

ಫ್ರೇಮ್‌ನಲ್ಲಿ ಬೋಲ್ಟ್ ತೂತುಗಳಿಲ್ಲದಿದ್ದರೆ ರಬ್ಬರ್ ಒಳಪದರದ ಪಿ-ಕ್ಲಿಪ್‌ಗಳಿಂದ (ಫ್ರೇಮ್ ಕೊಳವೆಯನ್ನು ಸುತ್ತಿ ಹಿಡಿಯುವ, P ಆಕಾರದ ಪಟ್ಟಿಗಳು) ಕಟ್ಟಬಹುದು, ಆದರೆ ಹಗುರ ಸಾಮಾನಿಗೆ ಮಾತ್ರ. ಕಾರ್ಬನ್ ಫ್ರೇಮ್‌ಗೆ ಇವು ಬೇಡ. ಸೀಟ್ ಕಂಬಕ್ಕೆ ಬಿಗಿಯುವ ಕ್ಯಾರಿಯರ್‌ಗಳು ಭಾರ ಹೆಚ್ಚಾದರೆ ಪಕ್ಕಕ್ಕೆ ತಿರುಗುತ್ತವೆ.

ಪ್ಯಾನಿಯರ್ ಸಿಕ್ಕಿಸಿದ ಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹಿಮ್ಮಡಿ ಚೀಲಕ್ಕೆ ತಾಗುತ್ತದೆಯೇ ನೋಡಿ. ಎರಡು ಬೆರಳಿನಷ್ಟಾದರೂ ಸಂದು ಬೇಕು. ತಾಗಿದರೆ ಚೀಲದ ಬೆನ್ನಿಗಿರುವ ಕೊಕ್ಕೆಗಳನ್ನು ಚೀಲದ ಮೇಲೇ ಮುಂದಕ್ಕೆ ಸರಿಸಿ, ಆಗ ಚೀಲ ಹಿಂದಕ್ಕೆ ಹೋಗುತ್ತದೆ. ಕೊಕ್ಕೆ ಕ್ಯಾರಿಯರ್ ಸಲಾಕೆಗಿಂತ ಅಗಲವಾಗಿದ್ದರೆ ಪ್ರತಿ ಹಳ್ಳಕ್ಕೂ ಚೀಲ ಕುಣಿಯುತ್ತದೆ, ಸಲಾಕೆಯೂ ಸವೆಯುತ್ತದೆ. ಚೀಲದ ಜೊತೆ ಬರುವ ಪ್ಲಾಸ್ಟಿಕ್ ತುಣುಕುಗಳು ಆ ಸಂದು ತುಂಬುವುದಕ್ಕೇ ಇರುವುದು, ಎಸೆಯಬೇಡಿ. ಭಾರದ ವಸ್ತು ತಳದಲ್ಲಿ, ಚಕ್ರದ ಕಡೆಗಿರಲಿ. ಎರಡೂ ಬದಿ ಹೆಚ್ಚುಕಡಿಮೆ ಸಮವಾಗಿರಲಿ.

ಕ್ಯಾರಿಯರ್ ಮೇಲೆ ಪೆಟ್ಟಿಗೆ ಕಟ್ಟುವುದಾದರೆ ಕೊಕ್ಕೆಯಿರುವ ರಬ್ಬರ್ ಹಗ್ಗ ನಂಬಬೇಡಿ. ಅದು ಹಿಗ್ಗುತ್ತದೆ, ಕೊಕ್ಕೆ ಕಳಚಿದರೆ ನೇರ ಕಡ್ಡಿಗಳೊಳಗೆ ಹೋಗುತ್ತದೆ. ಎಳೆದು ಕಟ್ಟುವಾಗ ಜಾರಿದರೆ ಕಣ್ಣಿಗೇ ಅಪಾಯ. 25 ಮಿಮೀ ಪಟ್ಟಿ, ಬಕಲ್ ಇರುವಂಥದ್ದು, ಎರಡು ಸಾಕು. ಉಳಿದ ತುದಿಯನ್ನು ಮಡಚಿ ಸಿಕ್ಕಿಸುವುದನ್ನು ಮಾತ್ರ ಮರೆಯಬಾರದು. ಹಳೆಯ ಟ್ಯೂಬ್‌ನ ವಾಲ್ವ್ ಭಾಗ ಕತ್ತರಿಸಿ ತೆಗೆದರೆ ಅದೂ ಒಳ್ಳೆಯ ಕಟ್ಟು: ಕೊಕ್ಕೆಯಿಲ್ಲ, ಜಾರುವುದೂ ಇಲ್ಲ.

ಹೊರಡುವ ಮುನ್ನ ಸೀಟು ಹಿಡಿದು ಸೈಕಲನ್ನು ಎಡಬಲಕ್ಕೆ ಅಲ್ಲಾಡಿಸಿ. ಸೈಕಲ್ ನಿಂತ ಮೇಲೂ ಸಾಮಾನು ಓಲಾಡುತ್ತಿದ್ದರೆ ಇನ್ನೂ ಬಿಗಿಯಬೇಕು. ಇಳಿಜಾರಿನಲ್ಲಿ ವೇಗ ಏರಿದಾಗ ಹ್ಯಾಂಡಲ್ ನಡುಗುವುದಕ್ಕೆ ಈ ಓಲಾಟವೂ ಒಂದು ಕಾರಣ. ಹಾಗೇನಾದರೂ ಆದರೆ ಮೊಣಕಾಲುಗಳಿಂದ ಫ್ರೇಮ್‌ನ ಮೇಲಿನ ಕೊಳವೆಯನ್ನು ಒತ್ತಿ ಹಿಡಿದು, ನಿಧಾನವಾಗಿ ಬ್ರೇಕ್ ಹಾಕಿ. ಹಿಂದಿನ ಟೈರ್‌ಗೆ ಗಾಳಿ ತುಸು ಹೆಚ್ಚಿರಲಿ, ಟೈರ್ ಬದಿಯಲ್ಲಿ ಬರೆದ ಮಿತಿ ದಾಟದಷ್ಟು. ಗಾಳಿ ಕಡಿಮೆಯಿದ್ದರೆ ಹಳ್ಳದಲ್ಲಿ ಟ್ಯೂಬ್ ರಿಮ್‌ಗೆ ಸಿಕ್ಕಿ ಎರಡು ತೂತು ಬೀಳುತ್ತವೆ.

ಹೊಸ ಕ್ಯಾರಿಯರ್‌ನ ಬೋಲ್ಟ್‌ಗಳನ್ನು ಮೊದಲ ವಾರ ಕಳೆದ ಮೇಲೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಅಲೆನ್ ಕೀಯಿಂದ ಮುಟ್ಟಿ ನೋಡಿ. ವೆಲ್ಡ್ ಮಾಡಿದ ಜಾಗಗಳನ್ನು ಒರೆಸಿ ನೋಡಿ, ಬಿರುಕು ಮೊದಲು ಕಾಣುವುದು ಹೆಚ್ಚಾಗಿ ಅಲ್ಲೇ.